ಹಂಸಗೀತೆ ಓದಿದ್ದೀರಾ?

ಗುಟ್ಟಿನ ಕಥೆ ಅಂದ್ರೆ ಕೊಲೆ, ಪೊಲೀಸು ಅಂತಲೇ ನಾನು ತಿಳಿದಿದ್ದೆ. ಪಂಚಾಯಿತಿ ಲೈಬ್ರರಿಯಿಂದ ತಂದ ತ.ರಾ.ಸು. ಅವರ ‘ಹಂಸಗೀತೆ’ಯಲ್ಲಿ ಪೊಲೀಸರೇ ಇಲ್ಲ. ಆದರೂ ರಾತ್ರಿ ನಿದ್ದೆ ಬರಲಿಲ್ಲ. ಚಿತ್ರದುರ್ಗ 1779ರಲ್ಲಿ ಹೈದರಾಲಿಯ ವಶವಾಯಿತಲ್ಲ, ಸುಮಾರು ಆ ಕಾಲದ ಕಥೆ. ಭೈರವಿ ವೆಂಕಟಸುಬ್ಬಯ್ಯ ಎಂಬ ದೊಡ್ಡ ಗಾಯಕರು ತಮ್ಮ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾರೆ! ಹಾಡುವವರು ಹೀಗ್ಯಾಕೆ ಮಾಡಿದರು? ಅದೇ ಗುಟ್ಟು, ನಾನು ಹೇಳೋದಿಲ್ಲ. 1975ರಲ್ಲಿ ಸಿನಿಮಾ ಕೂಡ ಆಗಿದೆ.

ಪ್ರೀತಿಯ ವಿಷಯವೂ ಸ್ವಲ್ಪ ಬರುತ್ತೆ. ಅದಕ್ಕೇ ಅಪ್ಪ “ಹೆಣ್ಮಕ್ಳು ಇಂಥಾವೆಲ್ಲ ಓದಬಾರದು” ಅಂತ ಪುಸ್ತಕವನ್ನು ಅಟ್ಟದ ಮೇಲೆ ಇಟ್ಟುಬಿಟ್ಟರು.

ನಮ್ಮಕ್ಕ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಹೈಸ್ಕೂಲು ದೂರ ಅಂತ ಕಳಿಸಲಿಲ್ಲ. ಅವಳೇ ಅಟ್ಟ ಹತ್ತಿ ಪುಸ್ತಕ ಇಳಿಸಿದಳು, ನನಗಿಂತ ಮುಂಚೆ ಓದಿ ಮುಗಿಸಿಯೂಬಿಟ್ಟಳು. ಕಷ್ಟದ ಪದಗಳಿಗೆ ಅರ್ಥ ಹೇಳಿಕೊಟ್ಟಿದ್ದೂ ಅವಳೇ. ಕೊನೇ ಪುಟಗಳಲ್ಲಿ ಅತ್ತಳು. ಕೇಳಿದರೆ ಒಲೆ ಹೊಗೆ ಅಂದಳು.

ನಾನೂ ಈಗ ಏಳನೇ ತರಗತಿ. “ಮುಂದೆ ನನ್ನನ್ನ ಕಳಿಸ್ತಾರೇನಕ್ಕಾ?” ಅಂತ ಕೇಳಿದೆ. “ಕಳಿಸದಿದ್ರೆ ನಾನು ಸುಮ್ನಿರಲ್ಲ” ಅಂದಳು.

ಸೋಮವಾರ ಪುಸ್ತಕ ವಾಪಸ್ ಕೊಡ್ತೀನಿ. ಬೇಕಾದವರು ಬೇಗ ಹೋಗಿ. ಒಂದೇ ಪ್ರತಿ ಇರೋದು.