ಇಗರ್ಜಿಯ ಜಾಗ, ಕೊಣಾಜೆಯ ಮುದ್ರೆ

ಬ್ರಹ್ಮಾವರ, ಉಪ್ಪೂರು ದಾಟಿ ಸ್ವರ್ಣಾ ನದಿಯ ಸೇತುವೆ ಇಳಿದರೆ ಕಲ್ಯಾಣಪುರ. ಅಲ್ಲಿನ ಮಿಲಾಗ್ರಿಸ್ ಇಗರ್ಜಿ 1678ರದ್ದು, ಮಿಲಾಗ್ರಿಸ್ ಕಾಲೇಜು 1967ರದ್ದು. ಕಟ್ಟಿದವರು ಚರ್ಚಿನವರು, ಆಡಳಿತವೂ ಅವರದೇ. ಪಠ್ಯಕ್ರಮ, ಪರೀಕ್ಷೆ, ಪದವಿ ಮಾತ್ರ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ್ದು. ಹಾಗಾದರೆ ಕಾಲೇಜು ಯಾರದ್ದು?

*

‘ಎಲ್ಲಿ ಓದುವುದು?’ ಎಂದರೆ ಮಕ್ಕಳು ‘ಮಿಲಾಗ್ರಿಸ್’ ಅನ್ನುತ್ತಾರೆ. ವಿಶ್ವವಿದ್ಯಾಲಯದ ಹೆಸರು ಬಾಯಿಗೆ ಬರುವುದು ಕೆಲಸದ ಅರ್ಜಿ ತುಂಬುವಾಗ.

*

ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅಂದರೆ ಮಿಲಾಗ್ರಿಸ್ ಅದಕ್ಕಿಂತ ಹಿರಿದು, ಮೊದಲು ಮೈಸೂರು ವಿಶ್ವವಿದ್ಯಾಲಯದ ಕೆಳಗಿತ್ತು. ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜು ಮದರಾಸು ವಿಶ್ವವಿದ್ಯಾಲಯವನ್ನೂ ಕಂಡಿದೆ. ಮೇಲಿನ ಹೆಸರು ಬದಲಾದಾಗಲೆಲ್ಲ ಕೆಳಗೆ ಪಾಠ ನಡೆಯುತ್ತಲೇ ಇತ್ತು. ಇದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

*

ಕೆನಡಾದ ಟೊರಾಂಟೊದಲ್ಲಿ ಬೇರೆಯೇ ಕ್ರಮ. ಮೆಥಡಿಸ್ಟರ ವಿಕ್ಟೋರಿಯಾ 1890ರಲ್ಲಿ, ಆಂಗ್ಲಿಕನ್ನರ ಟ್ರಿನಿಟಿ 1904ರಲ್ಲಿ ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯದ ಒಕ್ಕೂಟಕ್ಕೆ ಸೇರಿದವು. ಪದವಿ ಕೊಡುವ ತಮ್ಮ ಅಧಿಕಾರವನ್ನು ಅವು ಬಿಟ್ಟುಕೊಡಲಿಲ್ಲ, ಬಳಸದೆ ಎತ್ತಿಟ್ಟವು. ದೇವಶಾಸ್ತ್ರದ ಪದವಿಯನ್ನು ಮಾತ್ರ ತಮ್ಮ ಕೈಯಲ್ಲೇ ಉಳಿಸಿಕೊಂಡವು.

ನಮ್ಮಲ್ಲೂ ಇದಕ್ಕೆ ಹತ್ತಿರದ್ದೊಂದು ಉಂಟು. ಬಂಗಾಳದ ಸೆರಾಂಪುರ ಕಾಲೇಜಿಗೆ ಡೆನ್ಮಾರ್ಕಿನ ರಾಜ 1827ರಲ್ಲೇ ಪದವಿ ಕೊಡುವ ಸನ್ನದು ಕೊಟ್ಟ. ಕಲೆ, ವಿಜ್ಞಾನಗಳು 1857ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಕಡೆಗೆ ಹೋದವು. ದೇವಶಾಸ್ತ್ರದ ಪದವಿಗೆ ಇಂದಿಗೂ ಸೆರಾಂಪುರದ್ದೇ ಮುದ್ರೆ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೂ ಅದೇ. ಎರಡು ಖಂಡಗಳಲ್ಲಿ ಚರ್ಚುಗಳು ಒಂದೇ ಕಡೆ ಗೆರೆ ಎಳೆದಿವೆ. ಬಿ.ಎ., ಬಿ.ಕಾಂ. ಎಲ್ಲರಿಗೂ ಸೇರಿದ್ದು, ಅದನ್ನು ಅಳೆಯುವ ಕೋಲು ಊರಿಗೆಲ್ಲ ಒಂದೇ ಇರಲಿ ಎಂದು ಒಪ್ಪಿದ ಹಾಗೆ.

*

ಬ್ರಹ್ಮಾವರದ ಎಸ್.ಎಂ.ಎಸ್. ಕಾಲೇಜಿನ ವಿಚಾರ ಇನ್ನೂ ಸೋಜಿಗ. ಅದನ್ನು ಕಟ್ಟಿದ್ದು ಇಲ್ಲಿನ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಿರಿಯನ್ ಸಮುದಾಯ. ಅವರ ಹಿರಿಯರು ಕ್ಯಾಥೊಲಿಕರು. ಇಲ್ಲಿಯ ಇಗರ್ಜಿಗಳು ಪೋರ್ಚುಗೀಸರ ಆಶ್ರಯದಲ್ಲಿರಬೇಕೋ ನೇರವಾಗಿ ರೋಮಿನ ಕೆಳಗೋ ಎಂಬ ಜಗಳ 1886ರಲ್ಲಿ ಆ ಇಬ್ಬರ ನಡುವೆ ಆದ ಒಪ್ಪಂದದ ನಂತರ ಬಿಗಡಾಯಿಸಿತು. ಗೋವೆಯ ಪಾದ್ರಿ ಅಲ್ವಾರಿಸ್ ರೋಮನ್ನು ಬಿಟ್ಟು, 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪ್ ಆದರು. ಬ್ರಹ್ಮಾವರದಲ್ಲಿ ಪಾದ್ರಿ ನೊರೊನ್ಹಾ ಅಲ್ವಾರಿಸರ ಜತೆ ನಿಂತರು. ‘ನಮ್ಮ ಮೇಲೆ ಯಾರು?’ ಎಂಬ ಪ್ರಶ್ನೆಗೆ ಅಷ್ಟು ದೊಡ್ಡ ಬೆಲೆ ಕೊಟ್ಟ ಜನ ಅವರು. ಅವರ ಮೊಮ್ಮಕ್ಕಳ ಕಾಲದವರು ಕಾಲೇಜು ಕಟ್ಟಿದಾಗ, ಅದನ್ನು ತಾವಾಗಿಯೇ ಸರಕಾರಿ ವಿಶ್ವವಿದ್ಯಾಲಯದ ಸಂಯೋಜನೆಗೆ ಒಪ್ಪಿಸಿದರು. ಇದನ್ನು ಶರಣಾಗತಿ ಎನ್ನಲು ನನಗೆ ಮನಸ್ಸು ಬಾರದು. ದೂರದ ಅಧಿಕಾರದ ಕೆಳಗಿದ್ದೂ ಮನೆಯ ಯಜಮಾನಿಕೆ ಬಿಡದೆ ಬಾಳುವುದು ಅವರಿಗೆ ಮೊದಲೇ ತಿಳಿದಿತ್ತು.

*

ಕಾನೂನು ಏನೆನ್ನುತ್ತದೆ? ಅಲ್ಪಸಂಖ್ಯಾತರು ವಿದ್ಯಾಸಂಸ್ಥೆ ಕಟ್ಟಿ ನಡೆಸಬಹುದು ಎಂಬುದು ಸಂವಿಧಾನದ 30ನೇ ವಿಧಿ. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನ ಪ್ರಕರಣದಲ್ಲಿ, 1974ರಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಕೂತು ಸಂಯೋಜನೆಯ ಪ್ರಶ್ನೆ ಬಿಡಿಸಿದರು. ಸಂಯೋಜನೆ ಮೂಲಭೂತ ಹಕ್ಕಲ್ಲ. ಆದರೆ ಅದನ್ನು ಕೊಡುವಾಗ ಆಡಳಿತದ ಹಕ್ಕನ್ನೇ ಕಿತ್ತುಕೊಳ್ಳುವ ಷರತ್ತು ಹಾಕುವಂತಿಲ್ಲ.

*

ಈ ತೀರ್ಪಿನಿಂದಲೂ ನನ್ನ ಗೊಂದಲ ಪೂರ್ತಿ ಹೋಗಲಿಲ್ಲ. ಹೋದದ್ದು ಬೇರೆ ಕಡೆಯಿಂದ. ಪಠ್ಯಕ್ರಮ ಮಾಡುವ ಅಧ್ಯಯನ ಮಂಡಳಿಯಲ್ಲಿ ಯಾರಿರುತ್ತಾರೆ? ಕೊಣಾಜೆಯ ಪ್ರಾಧ್ಯಾಪಕರ ಜತೆ ಕಾಲೇಜುಗಳ ಅಧ್ಯಾಪಕರೂ ಇರುತ್ತಾರೆ. ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ, ಮೌಲ್ಯಮಾಪನಕ್ಕೆ ಹೋಗಿ ಉತ್ತರಪತ್ರಿಕೆ ತಿದ್ದುವವರಲ್ಲಿ, ಪಕ್ಕದ ಕಾಲೇಜಿಗೆ ಸಂಯೋಜನೆಯ ತಪಾಸಣೆಗೆ ಬರುವ ತಂಡದಲ್ಲಿ ಕೂಡ ಅವರೇ. ಚರ್ಚಿನ ಕಾಲೇಜಿನ ಅಧ್ಯಾಪಕ ತಿದ್ದಿದ್ದು ಬೈಂದೂರಿನ ಸರಕಾರಿ ಕಾಲೇಜಿನ ಹುಡುಗಿಯ ಪತ್ರಿಕೆ ಇರಬಹುದು. ಅವನ ವಿದ್ಯಾರ್ಥಿಯ ಪತ್ರಿಕೆ ಕುಂದಾಪುರದ ಭಂಡಾರ್ಕರ್ಸ್ ಕಾಲೇಜಿನವರ ಕೈಗೆ ಹೋಗಿರಬಹುದು. ಹೊರಗಿನ ಯಜಮಾನ ಎಂದು ನಾನು ಎಣಿಸಿದ್ದ ವಿಶ್ವವಿದ್ಯಾಲಯವನ್ನು ಬಹುಪಾಲು ನಡೆಸುವವರು ಈ ಕಾಲೇಜುಗಳವರೇ.

ಬೈಂದೂರಿನ ಹುಡುಗಿಯ ಅಂಕಕ್ಕೆ ಮಂಗಳೂರು ಪೇಟೆಯ ಹುಡುಗನ ಅಂಕದಷ್ಟೇ ತೂಕ ಬಂದದ್ದು ಇದರಿಂದ. ಈ ವ್ಯವಸ್ಥೆಯ ಮೇಲೆ ನನಗೆ ಪ್ರೀತಿ ಇರುವುದೂ ಇದಕ್ಕಾಗಿಯೇ.

*

ಸಂತ ಅಲೋಶಿಯಸ್ 2007ರಲ್ಲಿ ಸ್ವಾಯತ್ತವಾಯಿತು, 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಈಗ ಮುದ್ರೆಯೂ ಅದರದ್ದೇ. ನೂರನಲ್ವತ್ತು ವರ್ಷ ದಾಟಿದ ಸಂಸ್ಥೆಗೆ ಅದು ಸಲ್ಲಬೇಕಾದ್ದೇ. ಆದರೆ ಅಧ್ಯಯನ ಮಂಡಳಿಗೆ, ಮೌಲ್ಯಮಾಪನಕ್ಕೆ ಅನುಭವಸ್ಥರನ್ನು ಕಳಿಸುತ್ತಿದ್ದ ದೊಡ್ಡ ಕಾಲೇಜುಗಳು ಹೀಗೆ ಒಂದೊಂದಾಗಿ ತಮ್ಮದೇ ಮುದ್ರೆ ಮಾಡಿಕೊಂಡರೆ ಮಿಲಾಗ್ರಿಸ್, ಎಸ್.ಎಂ.ಎಸ್., ಬೈಂದೂರಿನ ಸರಕಾರಿ ಕಾಲೇಜು ಯಾರ ಜತೆ ಕೂತು ಪಠ್ಯಕ್ರಮ ಮಾಡಬೇಕು? ಈ ಪ್ರಶ್ನೆಯನ್ನು ಕೊಣಾಜೆಯಲ್ಲೂ ಬಿಷಪ್ಪರ ಮನೆಯಲ್ಲೂ ಒಟ್ಟಿಗೇ ಕೇಳಬೇಕಾಗಿದೆ.