ಕಿಕ್ ಪ್ಯಾಡ್ ಮೂಕಾದ ರಾತ್ರಿ

ಜಾತ್ರೆಯ ರಸಮಂಜರಿಗೆ ಎರಡೇ ಗಂಟೆ ಬಾಕಿ. ನಮ್ಮ ಎಲೆಕ್ಟ್ರಾನಿಕ್ ಡ್ರಮ್ಮಿನ ಕಿಕ್ ಪ್ಯಾಡ್ ಎಷ್ಟು ಒದ್ದರೂ ಸದ್ದಿಲ್ಲ. ಹಗಲು ಸುದ್ದಿ ಕಳಿಸುವ ನಮಗೆ ಮನೆ ನಡೆಯೋದು ರಾತ್ರಿಯ ಈ ಬಾಡಿಗೆಯಿಂದಲೇ. ಹೊಸ ಪ್ಯಾಡಿಗೆ ಸಾವಿರಾರು ರೂಪಾಯಿ. ಮುಂಗಡ ಆಗಲೇ ಕರಗಿತ್ತು.

ಕಿಕ್ ಕೇಬಲ್ಲನ್ನು ಟಾಮ್ ಪ್ಯಾಡಿಗೆ ಚುಚ್ಚಿ ಬಡಿದೆವು. ಕಿಕ್ ಸದ್ದೇ ಬಂತು. ಅಂದರೆ ಕೇಬಲ್, ಮಾಡ್ಯೂಲ್ ಎರಡೂ ಸರಿ, ರೋಗ ಪ್ಯಾಡಿನೊಳಗೆ. ಬಿಚ್ಚಿದರೆ ತೆಳ್ಳನೆಯ ಹಿತ್ತಾಳೆ ಬಿಲ್ಲೆ, ಅದೇ ಪೀಜೋ. ಪೆಟ್ಟು ಬಿದ್ದಾಗ ಕರೆಂಟು ಹುಟ್ಟಿಸೋದು ಇದು. ನಡುವಿನ ಕೆಂಪು ತಂತಿ ಕಿತ್ತಿತ್ತು. ಮೊಬೈಲ್ ರಿಪೇರಿ ಹುಡುಗ ಬೆಸುಗೆ ಹಾಕಿದ; ಬಿಸಿ ಜಾಸ್ತಿಯಾಗಿ ಮೇಲಿನ ಲೇಪವೇ ಎದ್ದಿತು. (ಅವಸರ ಮಾಡಿದ್ದು ನಾವೇ.) ಅವನ ಗುಜರಿ ಡಬ್ಬಿಯ ಹಳೇ ಬಜರ್‌ನಿಂದ ಅಂಥದೇ ಬಿಲ್ಲೆ ಸಿಕ್ಕಿತು. ಈ ಸಲ ಕಾವು ತಾಗಿಸಿದ್ದು ಕ್ಷಣ ಮಾತ್ರ. ಸ್ಪಂಜು ಅಂಟಿಸಿ ಒದ್ದರೆ ಒಂದು ಪೆಟ್ಟಿಗೆ ಎರಡು ಸದ್ದು! ಮಾಡ್ಯೂಲಿನಲ್ಲಿ ಸೆನ್ಸಿಟಿವಿಟಿ ಇಳಿಸಿದ ಮೇಲೆ ಸರಿಹೋಯಿತು.

ವೇದಿಕೆ ಹತ್ತಿದ್ದು ಇಪ್ಪತ್ತು ನಿಮಿಷ ತಡ. ಕಮಿಟಿಯವರು ಐನೂರು ಮುರಿದುಕೊಂಡೇ ಕೊಟ್ಟರು.