ಉಪ್ಪಿಲ್ಲದ ಸಾಗರಗಳು

ಹೈದರಾಬಾದಿಗೆ ಸಮುದ್ರವಿಲ್ಲ, ಸಾಗರಗಳಿಗೇನೂ ಬರವಿಲ್ಲ. ಇಬ್ರಾಹಿಂ ಕುಲಿ ಕುತುಬ್ ಶಾಹನ ಕಾಲದಲ್ಲಿ ಕಟ್ಟಿದ ಕೆರೆ ಹುಸೇನ್ ಸಾಗರ. 1908ರಲ್ಲಿ ಮೂಸಿ ನದಿ ಉಕ್ಕಿ ಊರನ್ನೇ ಕೊಚ್ಚಿದ ಮೇಲೆ ನಮ್ಮ ವಿಶ್ವೇಶ್ವರಯ್ಯನವರ ಸಲಹೆಯಂತೆ ಎದ್ದವು ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927). ಕರಾವಳಿಯವರು ಈ ಹೆಸರುಗಳಿಗೆ ನಗಲಿ. ಕನ್ನಂಬಾಡಿಯನ್ನು ಕೃಷ್ಣರಾಜಸಾಗರ ಎನ್ನುವ ನಾವಂತೂ ನಗುವ ಹಾಗಿಲ್ಲ. ನನ್ನ ವಾದ ಇಷ್ಟೇ: ಸಣ್ಣ ದೋಣಿಯಲ್ಲಿ ಒಬ್ಬನೇ ದಿನವಿಡೀ ಮೀನಿಗೆ ಕೂತವನ ಮಟ್ಟಿಗೆ, ನೀರು ಸಾಗರವೋ ಕೆರೆಯೋ ಎಂದು ತೀರ್ಮಾನಿಸುವುದು ಉಪ್ಪಲ್ಲ, ಅಡಿಯಲ್ಲಿ ಏನಿದೆಯೆಂಬ ಲೆಕ್ಕ ಯಾರ ಬಳಿಯಾದರೂ ಇದೆಯೇ ಎಂಬುದು.

ಕೆರೆಗೆ ಉಬ್ಬರವಿಳಿತವಿಲ್ಲ, ದಾರಿ ತಪ್ಪೋಣವೆಂದರೆ ದಂಡೆಯ ಮೇಲೆ ಬಸ್ಸು ಕಾಣುತ್ತಲೇ ಇರುತ್ತದೆ ಎಂದು ತಗಾದೆ ತೆಗೆಯಬಹುದು. ಸರಿಯೇ. ಆದರೆ 1990ರಲ್ಲಿ ನೂರಾರು ಟನ್ನಿನ ಏಕಶಿಲಾ ಬುದ್ಧನನ್ನು ಹೊತ್ತ ಬಾರ್ಜು ವಾಲಿ, ವಿಗ್ರಹ ಹುಸೇನ್ ಸಾಗರದ ತಳ ಸೇರಿತು, ಜೀವಗಳೂ ಹೋದವು. ಬುದ್ಧ ಮೇಲೆದ್ದದ್ದು 1992ಕ್ಕೆ. ಅಷ್ಟರಮಟ್ಟಿಗೆ ಕೆರೆಯನ್ನು ಹಗುರವಾಗಿ ಕಾಣುವಂತಿಲ್ಲ. ಗಟ್ಟಿ ಆಕ್ಷೇಪ ಬೇರೆಯೇ ಇದೆ. ಕಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಅವಕ್ಕೆ ಮಳೆಗಾಲದ ಹರಿವ ಹೊಳೆ ಬೇಕು. ಹಾಗಾಗಿ ಕೆರೆಗೆ ವರ್ಷವರ್ಷವೂ ಮರಿ ತಂದು ಬಿಡಬೇಕು. ತೆಲಂಗಾಣ ಸರ್ಕಾರ 2016ರಲ್ಲಿ ಇದನ್ನು ಪುಕ್ಕಟೆಯಾಗಿ ಮಾಡಿಸತೊಡಗಿತು. ಎಣಿಸಿ ಬಿಟ್ಟದ್ದನ್ನು ಹಿಡಿದರೆ ಅದು ಬೇಟೆಯಲ್ಲ, ಕೊಯ್ಲು. ಹೊನ್ನಾವರದಾಚೆ ಪಾತಿ ದೋಣಿಯಲ್ಲಿ ಒಬ್ಬನೇ ಗಾಳ ಬಿಟ್ಟು ಕೂತವನಿಗೆ ಸಿಗುವ ಅಂಜಲನ್ನು ಯಾರೂ ಬಿತ್ತಿದ್ದಲ್ಲ.

ಇಲ್ಲಿ ನನ್ನ ಪರ ಸಾಕ್ಷಿಗೆ ನಿಲ್ಲುವುದು ತೆಲಂಗಾಣದ ರಾಜ್ಯ ಮೀನು, ಕೊರಮೀನು. ಈಚೆಗೆ ಅದನ್ನೂ ಕೊಳದಲ್ಲಿ ಸಾಕುತ್ತಾರೆ, ಒಪ್ಪೋಣ. ಆದರೂ ಅದು ಕೆರೆಯ ಜೊಂಡಿನ ನಡುವೆ ತಾನೇ ಗೂಡು ಮಾಡಿ ಮರಿ ಮಾಡುತ್ತದೆ, ಯಾರ ರಿಜಿಸ್ಟರಿಗೂ ಸಿಗುವುದಿಲ್ಲ. ಮರಿಗಳು ಕೆಂಪು ಮುದ್ದೆಯಂತೆ ಒಟ್ಟಾಗಿ ತೇಲುತ್ತವೆ, ಅದರಡಿ ಎಲ್ಲೋ ಕಾವಲಿನ ಹಿರಿಮೀನು. ಕಿವಿರೊಂದೇ ಸಾಲದ್ದರಿಂದ ಅದು ಆಗಾಗ ಮೇಲೆ ಬಂದು ಗಾಳಿ ನುಂಗಿ, ಸಣ್ಣ ಸುಳಿಯೊಂದನ್ನು ಬಿಟ್ಟು ಹೋಗುತ್ತದೆ. ತೆಪ್ಪದಲ್ಲಿ ಒಬ್ಬನೇ ಕೂತವನಿಗೆ ಸಿಗುವ ಸುಳಿವು ಅಷ್ಟೇ. ಮುಂದಿನ ಸುಳಿ ಎಲ್ಲಿ ಏಳುತ್ತದೋ, ಸರ್ಕಾರಕ್ಕೂ ಗೊತ್ತಿಲ್ಲ.

ಮೃಗಶಿರಾ ಮಳೆ ಹುಟ್ಟುವ ಜೂನ್ ಮೊದಲ ವಾರದ ಕೊನೆಗೆ ಹೈದರಾಬಾದಿನಲ್ಲಿ ಮೀನು ತಿನ್ನಲೇಬೇಕೆಂಬ ರೂಢಿ. ನಾಂಪಲ್ಲಿ ಮೈದಾನದಲ್ಲಿ ಬತ್ತಿನಿ ಮನೆತನದವರು ಉಬ್ಬಸದವರ ಗಂಟಲಿಗೆ ಜೀವಂತ ಕೊರಮೀನಿನ ಮರಿ ಇಳಿಸುವುದೂ ಆಗಲೇ. (ವೈದ್ಯರು ಒಪ್ಪುವುದಿಲ್ಲ, ಸಾಲೇನೂ ಕರಗುವುದಿಲ್ಲ.) ತಮಾಷೆಯೆಂದರೆ ಆ ವಾರ ಎರಡೂ ಕರಾವಳಿಗೆ ಬೀಗ. ಪೂರ್ವದಲ್ಲಿ ಜೂನ್ 14ರವರೆಗೆ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಯುವಂತಿಲ್ಲ; ಯಂತ್ರವಿಲ್ಲದ ನಾಡದೋಣಿಗೆ ವಿನಾಯಿತಿ. ಕಡಲ ಮೀನಿನ ಕೊರತೆಯ ಆ ದಿನಗಳಲ್ಲಿ ಮಾರುಕಟ್ಟೆಯಲ್ಲಿ ಕಟ್ಲಾ ಐಸಿನ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತದೆ. ಪಕ್ಕದ ಟಬ್ಬಿನಲ್ಲಿ, ನಾಲ್ಕು ಬೆರಳು ನೀರಿನಲ್ಲಿ, ಕೊರಮೀನು ಮೂತಿಯೆತ್ತಿ ಗಾಳಿ ನುಂಗುತ್ತಿರುತ್ತದೆ, ಕೊಳ್ಳುವವರು ದರ ಕೇಳಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.